ಆರು ಕೊಠಡಿಯ ಶಾಲೆ ಮತ್ತು ಕಾಂಕ್ರೀಟಿನ ಛೇದ

"ಶೇಕಡಾ ನಲವತ್ತು ಸರಿ, ಆದರೆ ಯಾವುದರ ಶೇಕಡಾ ನಲವತ್ತು? ಛೇದ ಎಲ್ಲಿದೆ?"

ಹೀಗೆ ಕೇಳಿದವರು ನಿವೃತ್ತ ಗಣಿತ ಮೇಷ್ಟ್ರು. ಚಿತ್ರದುರ್ಗ ಜಿಲ್ಲೆಯ ಉತ್ತರದ ಅಂಚಿನ ಊರೊಂದರಲ್ಲಿ ಪ್ರೌಢಶಾಲೆ ನಡೆಸುವ ಟ್ರಸ್ಟಿಗೆ ಅವರು ಕಾರ್ಯದರ್ಶಿ. ಎರಡು ಅಂತಸ್ತು, ಆರು ಕೊಠಡಿ, ಅಂತಸ್ತಿಗೆ 260 ಚದರ ಮೀಟರಿನ ಹೊಸ ಕಟ್ಟಡದ ವಿನ್ಯಾಸವನ್ನು ನನಗೆ ಒಪ್ಪಿಸಿದ್ದರು. ಕಟ್ಟಡಕ್ಕೆ ಹಣ ಕೊಡಲು ಮುಂದೆ ಬಂದಿದ್ದ ಹಳೆಯ ವಿದ್ಯಾರ್ಥಿಗಳು ಒಂದು ಷರತ್ತು ಹಾಕಿದ್ದರು: ಕಾಂಕ್ರೀಟ್ ಪರಿಸರಕ್ಕೆ ಆದಷ್ಟು ಹಗುರವಾಗಿರಬೇಕು, ಎಷ್ಟು ಹಗುರವಾಯಿತು ಎಂಬುದಕ್ಕೆ ಲೆಕ್ಕ ಬೇಕು. ಅಷ್ಟರಲ್ಲಿ ಸಿಮೆಂಟಿಗೆ ಬೆರೆಸುವ ಸ್ಲ್ಯಾಗ್ (ಕಬ್ಬಿಣದ ಕಿಟ್ಟ) ಪುಡಿ ಮಾರುವ ಸರಬರಾಜುದಾರರೊಬ್ಬರ ಒಂದು ಪುಟದ ಹಾಳೆ ಬಂತು. ಅದರಲ್ಲಿ 'ಇಂಗಾಲದಲ್ಲಿ ಶೇ 40ಕ್ಕೂ ಹೆಚ್ಚು ಉಳಿತಾಯ' ಎಂದು ದಪ್ಪ ಅಕ್ಷರದಲ್ಲಿತ್ತು. ಮೇಷ್ಟ್ರು ಅದನ್ನು ಮೇಜಿನ ಮೇಲಿಟ್ಟು ನನ್ನನ್ನು ಕೇಳಿದ ಪ್ರಶ್ನೆಯೇ ಮೇಲಿನದು. ನಾನು ಒಂದು ವಾರದ ಸಮಯ ಕೇಳಿದೆ. ಹಿಡಿದದ್ದು ಒಂದೂವರೆ ತಿಂಗಳು.

ಮೊದಲು ಸಿಮೆಂಟಿನ ಲೆಕ್ಕ

ಸುಣ್ಣದ ಗೂಡನ್ನು ಕಂಡವರಿಗೆ ಸಿಮೆಂಟಿನ ದೋಷವನ್ನು ವಿವರಿಸುವುದು ಸುಲಭ. ನೂರು ಕೆ.ಜಿ. ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ಕೈಗೆ ಸಿಗುವುದು 56 ಕೆ.ಜಿ. ಸುಣ್ಣ. ಉಳಿದ 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದು ಸೌದೆಯ ಹೊಗೆಯಲ್ಲ, ಕಲ್ಲಿನ ಒಡಲಲ್ಲೇ ಇದ್ದದ್ದು. ಗೂಡಿಗೆ ಸೂರ್ಯನ ಬಿಸಿಲನ್ನೇ ಉರಿಯಾಗಿ ಕೊಟ್ಟರೂ ಅದು ಹೊರಬರಲೇಬೇಕು. ಸಿಮೆಂಟಿನ ತಿರುಳಾದ ಕ್ಲಿಂಕರಿನಲ್ಲಿ ಸುಣ್ಣದ ಪಾಲು ಸುಮಾರು ಶೇ 65 ಇರುವುದರಿಂದ, ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ 0.51 ಟನ್ ಇಂಗಾಲ ಬಂತು. (ಇಲ್ಲಿ 'ಇಂಗಾಲ' ಎಂದಾಗಲೆಲ್ಲ ಕಾರ್ಬನ್ ಡೈಆಕ್ಸೈಡ್ ಎಂದೇ ಓದಿಕೊಳ್ಳಿ.) ಗೂಡನ್ನು 1450 ಡಿಗ್ರಿಗೆ ಕಾಯಿಸುವ ಕಲ್ಲಿದ್ದಲಿಗೆ ಇನ್ನೊಂದು 0.30. ಅರೆಯುವ ವಿದ್ಯುತ್ತನ್ನೂ ಸೇರಿಸಿದರೆ ಒಂದು ಕೆ.ಜಿ. ಸಾದಾ ಸಿಮೆಂಟಿಗೆ, ಅಂದರೆ ಒಪಿಸಿಗೆ, ಸುಮಾರು 0.83 ಕೆ.ಜಿ. ಇಂಗಾಲ.

ಪಿಪಿಸಿ ಎಂದು ಅಂಗಡಿಯಲ್ಲಿ ಸಿಗುವ ಚೀಲದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆತಿರುತ್ತದೆ. ಮಾನಕದ ಪ್ರಕಾರ ಅದು ಶೇ 15ರಿಂದ 35ರವರೆಗೆ ಇರಬಹುದು, ನಾನು 30 ಎಂದು ಹಿಡಿದೆ. ಕ್ಲಿಂಕರ್ ಅಷ್ಟು ಕಡಿಮೆಯಾದ್ದರಿಂದ ಕೆ.ಜಿ.ಗೆ 0.58. ಇನ್ನು ಸ್ಲ್ಯಾಗ್, ನಮ್ಮ ಹಿರಿಯರ ಮಾತಿನಲ್ಲಿ ಕಬ್ಬಿಣದ ಕಿಟ್ಟ. ಊದುಕುಲುಮೆಯಲ್ಲಿ ಅದಿರು ಕರಗುವಾಗ ಮೇಲೆ ತೇಲುವ ಇದನ್ನು ನೀರು ಹಾಯಿಸಿ ಥಟ್ಟನೆ ತಣಿಸಿದರೆ ಗಾಜಿನಂಥ ಹರಳಾಗುತ್ತದೆ. ನುಣ್ಣಗೆ ಅರೆದರೆ ಸಿಮೆಂಟಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಒಣಗಿಸಿ ಅರೆಯುವುದಕ್ಕೆ 0.06, ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನ ಕಡೆಯಿಂದ ಸುಮಾರು ನೂರು ಕಿ.ಮೀ. ಲಾರಿಯಲ್ಲಿ ತರುವುದಕ್ಕೆ 0.01. ಒಟ್ಟು 0.07.

ಗುತ್ತಿಗೆದಾರರ ಅಂದಾಜಿನಲ್ಲಿ ಎಂ25 ದರ್ಜೆಯ ಕಾಂಕ್ರೀಟ್ 210 ಘನ ಮೀಟರ್ ಇತ್ತು. ಘನ ಮೀಟರಿಗೆ 340 ಕೆ.ಜಿ. ಸಿಮೆಂಟ್. ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಅರೆದು ಮಾಡಿದ ಮರಳು), ಸಾಗಣೆ, ಕಲಸುವ ಯಂತ್ರ ಎಲ್ಲಕ್ಕೂ ಸೇರಿ 25 ಕೆ.ಜಿ. ಇಂಗಾಲ ಎಂದು ಇಟ್ಟುಕೊಂಡೆ. ಆಗ ಒಪಿಸಿಯ ಕಾಂಕ್ರೀಟಿಗೆ ಘನ ಮೀಟರಿಗೆ 307 ಕೆ.ಜಿ., ಪಿಪಿಸಿಯದಕ್ಕೆ 222, ಅರ್ಧ ಒಪಿಸಿ ಅರ್ಧ ಸ್ಲ್ಯಾಗ್ ಬೆರೆಸಿದ್ದಕ್ಕೆ 178. ಇಡೀ ಕಟ್ಟಡಕ್ಕೆ ಕ್ರಮವಾಗಿ 64.5, 46.6 ಮತ್ತು 37.4 ಟನ್.

ಅಂದರೆ ಒಪಿಸಿಗೆ ಹೋಲಿಸಿದರೆ ಸ್ಲ್ಯಾಗಿನಿಂದ ಶೇ 42 ಉಳಿತಾಯ. ಸರಬರಾಜುದಾರರ ಹಾಳೆ ಸುಳ್ಳು ಹೇಳಿರಲಿಲ್ಲ.

ಆದರೆ ಆ ಊರಿನ ಸಿಮೆಂಟ್ ಅಂಗಡಿಗಳಿಗೆ ಹೋಗಿ ನೋಡಿದೆ. ಮೂರು ಅಂಗಡಿಗಳಲ್ಲಿ ಕೈಗೆ ಸಿಗುವಂತೆ ಪೇರಿಸಿಟ್ಟದ್ದು ಪಿಪಿಸಿ. ಒಪಿಸಿ ಬೇಕೆಂದರೆ ಹೇಳಿ ತರಿಸಬೇಕು. ನಾವು ಏನೂ ಯೋಚಿಸದೆ, ಯಾವ ಷರತ್ತೂ ಇಲ್ಲದೆ ಕಟ್ಟಿದ್ದರೂ ಮೇಸ್ತ್ರಿ ಪಿಪಿಸಿಯನ್ನೇ ಸುರಿಯುತ್ತಿದ್ದರು. ಹಾಗಿದ್ದ ಮೇಲೆ ಹೋಲಿಕೆಯ ಆಧಾರ 64.5 ಅಲ್ಲ, 46.6. ಉಳಿತಾಯ 27 ಟನ್ನಿನಿಂದ 9.2 ಟನ್ನಿಗೆ ಇಳಿಯಿತು, ಶೇ 42 ಹೋಗಿ ಶೇ 20 ಆಯಿತು. ಯಾರೂ ಕಟ್ಟದ ಕಟ್ಟಡವನ್ನು ಛೇದವಾಗಿಟ್ಟರೆ ಎಷ್ಟು ಬೇಕಾದರೂ ಉಳಿಸಬಹುದು. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಹತ್ತನೇ ತರಗತಿಯ ಹುಡುಗರಿಗೆ ಒಳ್ಳೆಯ ಉದಾಹರಣೆ" ಎಂದರು.

ಪಟ್ಟಿಯಿಂದ ಬಿಟ್ಟವು

ದಾನಿಗಳಲ್ಲಿ ಒಬ್ಬರು ಜಿಯೋಪಾಲಿಮರ್ ಕಾಂಕ್ರೀಟನ್ನು ಸೂಚಿಸಿದ್ದರು. ಆಸ್ಟ್ರೇಲಿಯಾದ ಟುವೂಂಬಾ ಬಳಿ 2014ರಲ್ಲಿ ತೆರೆದ ವೆಲ್‌ಕ್ಯಾಂಪ್ ವಿಮಾನ ನಿಲ್ದಾಣದಲ್ಲಿ ವಿಮಾನಗಳು ನಿಲ್ಲುವ ಅಂಕಣಗಳಿಗೆ ಅದನ್ನೇ ಹಾಕಿದ್ದಾರೆ, ಸಿಮೆಂಟೇ ಇಲ್ಲ ಎಂಬುದು ಅವರ ವಾದ. ನಿಜವೇ. ಆದರೆ ಸಿಮೆಂಟಿನ ಜಾಗದಲ್ಲಿ ಕಾಸ್ಟಿಕ್ ಸೋಡಾ, ಸೋಡಿಯಂ ಸಿಲಿಕೇಟಿನಂಥ ತೀಕ್ಷ್ಣ ಕ್ಷಾರಗಳು ಬೇಕು. ಅವುಗಳನ್ನು ತಯಾರಿಸುವುದಕ್ಕೂ ಇಂಗಾಲದ ವೆಚ್ಚವಿದೆ, ಎಷ್ಟು ಕ್ಷಾರ ಹಾಕುತ್ತೇವೆ ಎಂಬುದರ ಮೇಲೆ ಉಳಿತಾಯ ಬಹಳ ಏರಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಕಾಂಕ್ರೀಟ್ ಹೊರುವ ಹೆಂಗಸರು ಬರಿಗೈಯಲ್ಲಿ ಬಾಂಡಲಿ ಹಿಡಿಯುತ್ತಾರೆ. ಅವರ ಕೈಗೆ ಕ್ಷಾರ ಕೊಟ್ಟು ಪರಿಸರ ಉಳಿಸಲು ನಾನು ತಯಾರಿರಲಿಲ್ಲ. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣಕಲ್ಲನ್ನು ಬೆರೆಸಿ ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಎಲ್‌ಸಿ3 ಸಿಮೆಂಟ್ ನನ್ನ ಮನಸ್ಸಿಗೆ ಹಿಡಿಸಿದ್ದು. 2023ರಲ್ಲಿ ಅದಕ್ಕೆ ಐಎಸ್ 18189 ಎಂಬ ಮಾನಕವೂ ಬಂತು. ಮಾನಕ ಬಂದರೂ ಚೀಲ ನಮ್ಮ ಅಂಗಡಿಗಳಿಗೆ ಬಂದಿರಲಿಲ್ಲ.

ಹಸುವಿನ ಮೇವು ಯಾರ ಖಾತೆಗೆ?

ಇಲ್ಲಿಯವರೆಗೆ ಸ್ಲ್ಯಾಗಿಗೆ ಅರೆಯುವ ಮತ್ತು ಸಾಗಿಸುವ ಇಂಗಾಲವನ್ನು ಮಾತ್ರ ಹಚ್ಚಿದ್ದೆ. ಅದು ಕುಲುಮೆಯಿಂದ ಹೊರಬಂದಾಗ ಕಸ, ಅದರ ಹಿಂದಿನ ಪಾಪವೆಲ್ಲ ಕಬ್ಬಿಣದ್ದು ಎಂಬ ನಂಬಿಕೆಯ ಮೇಲೆ. ಕಸವಾಗಿದ್ದರೆ ಸರಿ. ಆದರೆ ಕಸವನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರೆಯೇ?

ಮೇಷ್ಟ್ರ ಮನೆಯ ಹಿತ್ತಲಲ್ಲಿ ಎರಡು ಹಸುಗಳಿವೆ, ಒಂದು ಗೋಬರ್ ಗ್ಯಾಸ್ ಗುಂಡಿಯೂ ಇದೆ. ಅದನ್ನೇ ಹಿಡಿದು ಹೇಳಿದೆ. ಹಸು ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ, ಸಗಣಿಯನ್ನೂ ಕೊಡುತ್ತದೆ. ಮೇವಿನ ಖರ್ಚನ್ನು ಇವೆರಡರ ನಡುವೆ ಹೇಗೆ ಹಂಚುತ್ತೀರಿ? ಸಗಣಿ ಕಸ ಎಂದರೆ ಎಲ್ಲವೂ ಹಾಲಿನ ಖಾತೆಗೆ. ಬೆಲೆಯ ಪ್ರಕಾರ ಹಂಚಿದರೆ ಸಗಣಿಗೆ ಒಂದು ಚಿಟಿಕೆ. ತೂಕದ ಪ್ರಕಾರ ಹಂಚಿದರೆ ಮೇವಿನ ಬಹುಪಾಲು ಸಗಣಿಯ ತಲೆಗೆ ಬರುತ್ತದೆ, ಆಗ ಗೋಬರ್ ಗ್ಯಾಸಿನಷ್ಟು ದುಬಾರಿ ಉರುವಲು ಊರಿನಲ್ಲೇ ಇರುವುದಿಲ್ಲ. ಹಸು ಅದೇ, ಮೇವೂ ಅದೇ.

ಕುಲುಮೆಗೂ ಹೀಗೆಯೇ. ಒಂದು ಟನ್ ಕಬ್ಬಿಣದ ಜೊತೆ ಸುಮಾರು 0.3 ಟನ್ ಕಿಟ್ಟ ಬರುತ್ತದೆ. ಕೋಕ್ ಎಲ್ಲ ಸೇರಿ ಆ ಟನ್ ಕಬ್ಬಿಣದ ಇಂಗಾಲವನ್ನು 1.6 ಟನ್ ಎಂದು ಹಿಡಿದೆ. ತೂಕದ ಪ್ರಕಾರ ಹಂಚಿದರೆ ಒಂದು ಟನ್ ಸ್ಲ್ಯಾಗಿನ ಪಾಲು 1.23 ಟನ್, ಸಿಮೆಂಟಿಗಿಂತ ಹೆಚ್ಚು! ಬೆಲೆಯ ಪ್ರಕಾರ, ಸ್ಲ್ಯಾಗಿನ ಪಾಲು ಶೇ 1 ಎಂದು ಹಿಡಿದರೆ, 0.05 ಟನ್. ಇವನ್ನು ನಮ್ಮ ಮಿಶ್ರಣಕ್ಕೆ ಇಳಿಸಿದಾಗ ಘನ ಮೀಟರಿಗೆ 178 ಕೆ.ಜಿ. ಇದ್ದದ್ದು ಬೆಲೆಯ ಹಂಚಿಕೆಯಲ್ಲಿ 187 ಆಯಿತು, ತೂಕದ ಹಂಚಿಕೆಯಲ್ಲಿ 387. ಒಪಿಸಿಯ 307ನ್ನೂ ಮೀರಿಸಿ! ಒಂದೇ ಕುಲುಮೆ, ಒಂದೇ ಲಾರಿ, ಒಂದೇ ಕಾಂಕ್ರೀಟ್. ಉತ್ತರ ಮಾತ್ರ ಮೂರು.

ತೂಕದ ಹಂಚಿಕೆಯನ್ನು ನಾನು ಕೈಬಿಟ್ಟೆ. ಯಾವ ಕಾರ್ಖಾನೆಯೂ ಕಿಟ್ಟ ಬೇಕೆಂದು ಕುಲುಮೆ ಹಚ್ಚುವುದಿಲ್ಲ, ಹಾಗಾಗಿ ಅದರ ಮೇಲೆ ಅಷ್ಟು ಭಾರ ಹೊರಿಸುವುದು ಅನ್ಯಾಯ. ಬೆಲೆಯ ಹಂಚಿಕೆಯಿಂದ ನಿರ್ಧಾರ ಬದಲಾಗುವುದಿಲ್ಲ. ಆದರೆ ಈ ಲೆಕ್ಕ ಇನ್ನೊಂದು, ಹೆಚ್ಚು ಚುಚ್ಚುವ ಪ್ರಶ್ನೆಯನ್ನು ಎಬ್ಬಿಸಿತು. ಕಿಟ್ಟ ಎಷ್ಟು ಹುಟ್ಟಬೇಕೆಂಬುದನ್ನು ನಿರ್ಧರಿಸುವುದು ಉಕ್ಕಿನ ಪೇಟೆ, ನಮ್ಮ ಶಾಲೆಯಲ್ಲ. ಹುಟ್ಟಿದ್ದನ್ನು ಕೊಳ್ಳಲು ಸಿಮೆಂಟ್ ಕಾರ್ಖಾನೆಗಳು ಕುಲುಮೆಯ ಪಕ್ಕದಲ್ಲೇ ನಿಂತಿವೆ. ನಾವು 15 ಟನ್ ಸ್ಲ್ಯಾಗ್ ತಂದರೆ ಬೇರೆ ಯಾವುದೋ ಚೀಲದಲ್ಲಿ 15 ಟನ್ ಕಡಿಮೆಯಾಗಿ, ಅಲ್ಲಿ ಕ್ಲಿಂಕರ್ ತುಂಬಿಕೊಳ್ಳಬಹುದು. ನಮ್ಮ ಪುಸ್ತಕದಲ್ಲಿ ಉಳಿತಾಯ, ಆಕಾಶದಲ್ಲಿ ಏನೂ ಇಲ್ಲ. ಹಾರುಬೂದಿಯ ಕಥೆ ಸ್ವಲ್ಪ ಬೇರೆ. ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೂದಿಯೇ ಇರುತ್ತದೆ, ವಿದ್ಯುತ್ ಸ್ಥಾವರಗಳ ಬೂದಿ ಹೊಂಡಗಳಲ್ಲಿ ಹಳೆಯದು ಇನ್ನೂ ಬಿದ್ದಿದೆ. ಆದರೆ ಹೊಂಡದ ಒದ್ದೆ ಬೂದಿ ನೇರವಾಗಿ ಸಿಮೆಂಟಿಗೆ ಆಗದು. ಅದಕ್ಕೆ ಬೇಕಾದ್ದು ಚಿಮಣಿಗೆ ಹೋಗುವ ಮೊದಲೇ ಹಿಡಿದ ಒಣ ನುಣ್ಣನೆಯ ಬೂದಿ.

ಇಷ್ಟೆಲ್ಲ ಬರೆದ ಮೇಲೆ ನನ್ನ ವರದಿಯಲ್ಲಿ ಸ್ಲ್ಯಾಗಿನ ಉಳಿತಾಯದ ಎದುರು ಒಂದು ನಕ್ಷತ್ರ ಚಿಹ್ನೆ ಹಾಕಿದೆ. ಕೆಳಗೆ ಬರೆದದ್ದು: 'ಇದು ಶಾಲೆಯ ಲೆಕ್ಕ, ಭೂಮಿಯ ಲೆಕ್ಕವಾಗದೆ ಇರಬಹುದು.'

ಘನ ಮೀಟರನ್ನು ಬಿಟ್ಟು ಕೊಠಡಿಯನ್ನು ಅಳೆದಾಗ

ಇಷ್ಟು ಹೊತ್ತು ನಾನು ಅಳೆಯುತ್ತಿದ್ದದ್ದು ಘನ ಮೀಟರನ್ನು. ಟ್ರಸ್ಟಿಗೆ ಬೇಕಾದದ್ದು ಘನ ಮೀಟರ್ ಅಲ್ಲ, ಐವತ್ತು ವರ್ಷ ಸೋರದೆ ನಿಲ್ಲುವ ಆರು ಕೊಠಡಿಗಳು. ಅಂದಾಜುಪಟ್ಟಿಯನ್ನು ಮತ್ತೆ ತೆಗೆದು ಪ್ರತಿ ಸಾಲನ್ನೂ ಕೇಳಿದೆ: ನೀನು ಯಾಕೆ ಇಷ್ಟು ದಪ್ಪ?

ತಾರಸಿ 150 ಮಿ.ಮೀ. ಇತ್ತು. ಅಂಕಣದ ಅಗಲಕ್ಕೆ 125 ಸಾಕು. ಎರಡು ತಾರಸಿಗಳಿಂದ 13 ಘನ ಮೀಟರ್ ಹೋಯಿತು. ಫೂಟಿಂಗ್‌ಗಳನ್ನು ಎಲ್ಲ ಕಂಬಗಳಿಗೂ ಒಂದೇ ಅಳತೆಗೆ ಬರೆದಿದ್ದರು, ಮೂಲೆಯ ಕಂಬಗಳಿಗೆ ಅಷ್ಟು ಭಾರವಿಲ್ಲ. ಅಲ್ಲಿ 9. ನೆಲಮಟ್ಟದ ಕೆಳಗೆ ಸುತ್ತಲೂ ಕಾಂಕ್ರೀಟ್ ಗೋಡೆ ತೋರಿಸಿದ್ದರು. ಕೋಟೆಯ ನಾಡಿನಲ್ಲಿ ಕಲ್ಲಿಗೆ ಬರವೇ? ಸೈಜುಗಲ್ಲಿನ ಪಾಯ ಹಾಕಿಸಿ 12 ಉಳಿಸಿದೆವು. ಒಟ್ಟು 34 ಘನ ಮೀಟರ್ ಕಡಿಮೆಯಾಗಿ 210 ಇದ್ದದ್ದು 176ಕ್ಕೆ ಬಂತು.

ಇದೂ ಪುಕ್ಕಟೆಯಲ್ಲ. ತೆಳುವಾದ ತಾರಸಿಗೆ ಕಬ್ಬಿಣ ಸ್ವಲ್ಪ ಹೆಚ್ಚು ಬೇಕು. ಸುಮಾರು 400 ಕೆ.ಜಿ. ಹೆಚ್ಚಾಯಿತು, ಅದರ ಇಂಗಾಲ ಒಂದು ಟನ್. ಕಲ್ಲು ಒಡೆದು ತಂದು ಗಾರೆ ಹಾಕಿ ಕಟ್ಟುವುದಕ್ಕೆ ಇನ್ನೊಂದು ಟನ್ ಬರೆದುಕೊಂಡೆ. ಕಾಂಕ್ರೀಟ್ ಕಡಿಮೆ ಮಾಡಿದೆ ಎಂದು ಬೀಗುವವರು ಕಬ್ಬಿಣದ ಬಿಲ್ಲನ್ನು ಮರೆಯುವುದುಂಟು, ನಾನೂ ಮೊದಲ ಕರಡಿನಲ್ಲಿ ಮರೆತಿದ್ದೆ.

ಮಿಶ್ರಣದ ವಿಷಯದಲ್ಲಿ ನನಗೇ ಅಚ್ಚರಿಯಾದದ್ದು ಒಂದಿದೆ. ಸ್ಲ್ಯಾಗ್ ಬೆರೆಸಿದ ಕಾಂಕ್ರೀಟ್ ನಿಧಾನವಾಗಿ ಬಲ ಪಡೆಯುತ್ತದೆ. ಪ್ರಯೋಗಕ್ಕೆ ಹಾಕಿದ ಕ್ಯೂಬುಗಳಲ್ಲಿ ಏಳನೇ ದಿನ ಸ್ಲ್ಯಾಗಿನವು ಹಿಂದೆ ಬಿದ್ದವು, 28ನೇ ದಿನಕ್ಕೆ ಗುರಿಯಾದ ಚದರ ಮಿ.ಮೀ.ಗೆ 31.6 ನ್ಯೂಟನ್ ಬಲವನ್ನು ದಾಟಿದವು. ಪಾಯಕ್ಕೂ ಕಂಬಕ್ಕೂ ಇದು ತೊಂದರೆಯಲ್ಲ, ಅವುಗಳ ಮೇಲೆ ಭಾರ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ತಾರಸಿಗೆ ಹಾಗಲ್ಲ. ಸೆಂಟ್ರಿಂಗ್ ಬಿಚ್ಚುವುದು ತಡವಾದಷ್ಟೂ ಬಾಡಿಗೆ ಏರುತ್ತದೆ, ಮೇಸ್ತ್ರಿಯ ತಾಳ್ಮೆ ಇಳಿಯುತ್ತದೆ. ಹಾಗಾಗಿ ತಾರಸಿಗೆ ಶೇ 30 ಮಾತ್ರ ಸ್ಲ್ಯಾಗ್ ಬೆರೆಸೋಣ ಎಂದುಕೊಂಡು ಲೆಕ್ಕ ಹಾಕಿದೆ. ಬಂದದ್ದು ಘನ ಮೀಟರಿಗೆ 230 ಕೆ.ಜಿ. ಅಂಗಡಿಯಲ್ಲಿ ಪೇರಿಸಿಟ್ಟಿದ್ದ ಸಾದಾ ಪಿಪಿಸಿಯದು 222! ನೂರು ಕಿ.ಮೀ. ದೂರದಿಂದ ತಂದು, ಎರಡು ಬಗೆಯ ಚೀಲ ಇಟ್ಟುಕೊಂಡು, ತೂಕ ಮಾಡಿ ಬೆರೆಸಿ ಕೊನೆಗೆ ಪಕ್ಕದ ಅಂಗಡಿಗಿಂತ ಹಿಂದೆ. ತಾರಸಿಗೂ ತೊಲೆಗೂ ಸೇರಿ 86 ಘನ ಮೀಟರಿಗೆ ಪಿಪಿಸಿ ಎಂದು ಬರೆದೆ. ಪಾಯ ಮತ್ತು ಕಂಬದ 90 ಘನ ಮೀಟರಿಗೆ ಅರ್ಧಕ್ಕರ್ಧ ಸ್ಲ್ಯಾಗ್. ಮೇಸ್ತ್ರಿಗೆ ಹೇಳುವುದೂ ಸುಲಭ: ಒಂದು ಚೀಲ ಸಿಮೆಂಟಿಗೆ ಒಂದು ಚೀಲ ಸ್ಲ್ಯಾಗ್.

ಕೂಡಿಸಿದಾಗ ಸ್ಲ್ಯಾಗಿನ ಭಾಗಕ್ಕೆ 16 ಟನ್, ಪಿಪಿಸಿಯ ಭಾಗಕ್ಕೆ 19.1, ಕಲ್ಲು ಮತ್ತು ಹೆಚ್ಚುವರಿ ಕಬ್ಬಿಣಕ್ಕೆ 2. ಒಟ್ಟು 37.1 ಟನ್. ಏನೂ ಮಾಡದಿದ್ದರೆ ಆಗುತ್ತಿದ್ದ 46.6ಕ್ಕಿಂತ 9.5 ಟನ್ ಕಡಿಮೆ. ಇದರಲ್ಲಿ ಸ್ಲ್ಯಾಗಿನ ಪಾಲು 4 ಟನ್, ನಕ್ಷತ್ರ ಚಿಹ್ನೆಯೊಂದಿಗೆ. ಕಡಿಮೆ ಕಾಂಕ್ರೀಟಿನ ಪಾಲು 5.5, ಯಾವ ಚಿಹ್ನೆಯೂ ಇಲ್ಲದೆ. ಹಾಕದ ಕಾಂಕ್ರೀಟನ್ನು ಯಾವ ಪದ್ಧತಿಯಲ್ಲಿ ಹಂಚಿದರೂ ಅದರ ಇಂಗಾಲ ಸೊನ್ನೆಯೇ.

ನೀರು, ಮರಳು

ಇಂಗಾಲವನ್ನೇ ನೋಡುತ್ತ ಕೂತರೆ ಬೇರೆಯದು ಕಣ್ಣಿಗೆ ಬೀಳುವುದಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಒಪಿಸಿಯ ಕಾಂಕ್ರೀಟನ್ನು ಕನಿಷ್ಠ ಏಳು ದಿನ, ಬೂದಿ ಅಥವಾ ಸ್ಲ್ಯಾಗ್ ಬೆರೆತಿದ್ದರೆ ಕನಿಷ್ಠ ಹತ್ತು ದಿನ ಒದ್ದೆಯಾಗಿಡಬೇಕು. ಮೂರು ದಿನ ಹೆಚ್ಚು. ಆ ಸೀಮೆಯ ಬಿಸಿಲಿಗೆ ದಿನಕ್ಕೆ ಆರು ಮಿ.ಮೀ. ನೀರು ಆವಿಯಾಗುತ್ತದೆಂದು ಹಿಡಿದರೆ, ಎರಡೂ ತಾರಸಿಗಳಿಂದ ಒಂಬತ್ತು ಸಾವಿರ ಲೀಟರಿಗಿಂತ ಹೆಚ್ಚು. ಕುಡಿಯುವ ನೀರನ್ನೇ ಟ್ಯಾಂಕರಿನಲ್ಲಿ ತರಿಸುವ ಊರಿನಲ್ಲಿ ಅದು ಎರಡು ಟ್ಯಾಂಕರ್. ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ಬಿಟ್ಟು, ಗೋಣಿತಟ್ಟು ಹಾಸಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು. ನೀರು ಸಾಲದೆ ಬಿಟ್ಟರೆ ಹಸಿರು ಕಾಂಕ್ರೀಟೇ ಮೊದಲು ಕೆಡುತ್ತದೆ. ಹೊರಮೈ ಸರಿಯಾಗಿ ಕಟ್ಟದೆ ಗಾಳಿಯ ಇಂಗಾಲ ಒಳಗಿಳಿದು ಕಬ್ಬಿಣಕ್ಕೆ ತುಕ್ಕು ಹಿಡಿದರೆ, ಐವತ್ತು ವರ್ಷದ ಕಟ್ಟಡ ಇಪ್ಪತ್ತೈದಕ್ಕೆ ಮುಗಿದರೆ, ಮೇಲಿನ ಎಲ್ಲ ಅಂಕಿಗಳನ್ನೂ ಎರಡರಿಂದ ಗುಣಿಸಬೇಕು.

ಮರಳಿನಲ್ಲಿ ಲೆಕ್ಕವೇ ನಮ್ಮನ್ನು ತಪ್ಪು ದಾರಿಗೆ ಎಳೆಯಿತು. ಕ್ರಷರಿನ ವಿದ್ಯುತ್ ಬೇಡದ ಕಾರಣ ಇಂಗಾಲದ ಪಟ್ಟಿಯಲ್ಲಿ ಗೆದ್ದದ್ದು ನದಿಯ ಮರಳು. ವೇದಾವತಿಯ ಪಾತ್ರವನ್ನು ಒಮ್ಮೆ ನೋಡಿದವರು ಆ ಗೆಲುವನ್ನು ಒಪ್ಪಲಾರರು. ಎಂ-ಸ್ಯಾಂಡೇ ಇರಲಿ ಎಂದೆವು, ಕೆಲವು ಕೆ.ಜಿ. ಇಂಗಾಲ ಹೆಚ್ಚೆಂದು ಬರೆದುಕೊಂಡೆವು.

ಖಾಲಿ ಚೀಲಗಳು

ವರದಿ ಒಪ್ಪಿಸಿದಾಗ ಮೇಷ್ಟ್ರು ಕೇಳಿದ್ದು ಒಂದೇ: "ಇದು ನೀವು ಬರೆದದ್ದು. ಆಗುವುದನ್ನು ಯಾರು ನೋಡುತ್ತಾರೆ?"

ಅದನ್ನು ಅವರೇ ನೋಡಿದರು. ಸಿಮೆಂಟಿನ ಖಾಲಿ ಚೀಲಗಳನ್ನು ಎಸೆಯಕೂಡದು, ಇಪ್ಪತ್ತೈದರ ಕಟ್ಟು ಮಾಡಿ ಹಳೆಯ ಕೊಠಡಿಯಲ್ಲಿ ಇಡಬೇಕು ಎಂದು ಕಟ್ಟಪ್ಪಣೆ ಮಾಡಿದರು. ತಾರಸಿಗೂ ತೊಲೆಗೂ ನನ್ನ ಲೆಕ್ಕದಂತೆ 585 ಚೀಲ ಪಿಪಿಸಿ ಬೇಕಿತ್ತು. ಎರಡನೆಯ ತಾರಸಿಗೆ ಮೋಲ್ಡ್ ಹಾಕಿದ ಮರುದಿನ ಎಣಿಸಿದಾಗ ಸಿಕ್ಕದ್ದು 623. ಮೂವತ್ತೆಂಟು ಹೆಚ್ಚು.

ಮೇಸ್ತ್ರಿಯನ್ನು ಕರೆದು ಕೇಳಿದೆವು. ಅವರು ಮುಚ್ಚಿಡಲಿಲ್ಲ. ಕಾಂಕ್ರೀಟ್ ಸ್ವಲ್ಪ ನೀರಾಯಿತು ಅನ್ನಿಸಿದಾಗಲೆಲ್ಲ ಕೈಯಳತೆಯಲ್ಲಿ ಒಂದಿಷ್ಟು ಸಿಮೆಂಟ್ ಹಾಕಿದ್ದರು. "ಮಕ್ಕಳು ಓಡಾಡುವ ಜಾಗ ಸಾರ್, ಗಟ್ಟಿಯಾಗಿರಲಿ ಎಂದು ಹಾಕಿದೆ" ಎಂದರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದು ಗುತ್ತಿಗೆದಾರರು ಗೊಣಗಿದರು. ನನಗೆ ಮೇಸ್ತ್ರಿಯ ಮೇಲೆ ಸಿಟ್ಟು ಬರಲಿಲ್ಲ. ನೀರನ್ನು ಅಳೆಯುವ ಪಾತ್ರೆಯನ್ನು ನಾನು ಕೊಟ್ಟಿರಲಿಲ್ಲ. ಮಳೆ ಬಿದ್ದು ಎಂ-ಸ್ಯಾಂಡ್ ಒದ್ದೆಯಾಗಿದ್ದ ದಿನ ಎಷ್ಟು ನೀರು ಕಡಿಮೆ ಹಾಕಬೇಕೆಂದು ಹೇಳಿಯೂ ಇರಲಿಲ್ಲ.

ಚೀಲಕ್ಕೆ 50 ಕೆ.ಜಿ., ಇಂಗಾಲ 29 ಕೆ.ಜಿ. ಮೂವತ್ತೆಂಟಕ್ಕೆ 1.1 ಟನ್. ತೋರಣಗಲ್ಲಿನಿಂದ ಸ್ಲ್ಯಾಗ್ ತಂದು ಉಳಿಸಿದ್ದರ ಕಾಲು ಭಾಗಕ್ಕಿಂತ ಹೆಚ್ಚು. ದಾನಿಗಳಿಗೆ ಕಳಿಸಿದ ಅಂತಿಮ ವರದಿಯಲ್ಲಿ 9.5ನ್ನು ಹೊಡೆದು 8.4 ಎಂದು ತಿದ್ದಿದೆ, ಶೇ 18. ಛೇದ 46.6 ಎಂದು ಅದೇ ಸಾಲಿನಲ್ಲಿ ಬರೆದೆ. ಮೇಷ್ಟ್ರು ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿ, ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಒಂದು ಸರಿ ಗುರುತು ಹಾಕಿ ಲಕೋಟೆ ಅಂಟಿಸಿದರು.